ಕಾಳಿಲ್ಲದ ಚಿಲಿ: ಒಂದು ಬಟ್ಟಲಿನ ಚರಿತ್ರೆ

(ಊಟ ಮತ್ತು ಚರಿತ್ರೆಯನ್ನು ಕುರಿತ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಮಾಂಸ ಅರ್ಧ ಕಿಲೋ, ಉಣ್ಣುವ ಬಾಯಿ ಹತ್ತು. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆಂಬುದು ನಿಮಗೆಲ್ಲ ಗೊತ್ತು. ಸಾರಿಗೆ ಒಂದು ಪಾವು ಅವರೆಕಾಳು ಬೀಳುತ್ತದೆ. ಅವರೆ ಇಲ್ಲದ ಕಾಲವಾದರೆ ನಾಲ್ಕು ಆಲೂಗಡ್ಡೆ. ಮಾಂಸದ ರುಚಿ ಕಾಳಿಗೆ ಹತ್ತುತ್ತದೆ, ಹತ್ತು ಜನರ ಹೊಟ್ಟೆಯೂ ತುಂಬುತ್ತದೆ. ಇದು ಬಡತನ ಕಲಿಸಿದ ಲೆಕ್ಕ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಮಾಂಸದ ಅಡುಗೆಗೆ ಕಾಳು ಹಾಕಿದರೆ ಜಗಳಕ್ಕೇ ನಿಲ್ಲುವ ಜನರೂ ಈ ಲೋಕದಲ್ಲಿದ್ದಾರೆ. ಅವರು ಅಮೆರಿಕದ ಟೆಕ್ಸಾಸ್ ರಾಜ್ಯದವರು. ಆ ಅಡುಗೆಯ ಹೆಸರು ಚಿಲಿ. ಪೂರ್ತಿ ಹೆಸರು ಚಿಲಿ ಕಾನ್ ಕಾರ್ನೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ಮಾಂಸದೊಡನೆ ಮೆಣಸಿನಕಾಯಿ'. ದನದ ಮಾಂಸದ ತುಂಡುಗಳನ್ನು ಒಣಮೆಣಸಿನಕಾಯಿ ರುಬ್ಬಿದ ಖಾರದಲ್ಲಿ ಗಂಟೆಗಟ್ಟಲೆ ಬೇಯಿಸಿ ಮಾಡುವ ಗಟ್ಟಿ ಅಡುಗೆ ಅದು. ಅಮೆರಿಕದ ಬೇರೆ ಕಡೆಗಳಲ್ಲಿ ಅದಕ್ಕೆ ಧಾರಾಳವಾಗಿ ಕಾಳು ಹಾಕುತ್ತಾರೆ. ಟೆಕ್ಸಾಸಿನವರು ಮಾತ್ರ ಕಾಳು ಬಿದ್ದ ಕೂಡಲೇ ಅದು ಚಿಲಿಯೇ ಅಲ್ಲ ಎನ್ನುತ್ತಾರೆ. ಇದು ಬರೀ ಹಟವೇ, ಇಲ್ಲ ಅದರ ಹಿಂದೆ ಏನಾದರೂ ಹುರುಳಿದೆಯೇ? ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಹೆಸರಿನ ಗೊಂದಲ

ಮೊದಲು ಒಂದೆರಡು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಇಲ್ಲಿ ಬೀನ್ಸ್ ಎಂದರೆ ನಾವು ಪಲ್ಯ ಮಾಡುವ ಹಸಿರು ಹುರುಳಿಕಾಯಿಯಲ್ಲ. ಒಣಗಿದ ಕಾಳು, ಮೈಮೇಲೆ ಚುಕ್ಕೆಯಿರುವ ಪಿಂಟೊ, ಇಲ್ಲವೇ ನಾವು ರಾಜ್ಮಾ ಎನ್ನುವ ಕೆಂಪು ಕಾಳು. ಆದರೆ ಈ ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿಯ ಗಿಡದವು, ಮೂಲದಲ್ಲಿ ಅಮೆರಿಕ ಖಂಡದವು. ಮೆಣಸಿನಕಾಯಿಯ ತವರೂ ಅದೇ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಆವರೆಗೆ ನಮ್ಮ ಅಡುಗೆಯ ಖಾರವೆಂದರೆ ಮುಖ್ಯವಾಗಿ ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದೆವು. ಕೊಲಂಬಸ್ ಮಾಡಿದ್ದೂ ಇದನ್ನೇ. ಮೆಣಸನ್ನು ಹುಡುಕಿಕೊಂಡು ಹೊರಟವನು ಕಂಡ ಖಾರದ ಕಾಯಿಗೆಲ್ಲ ಮೆಣಸಿನ ಹೆಸರಿಟ್ಟ.

ಹೀಗೆ ಕಾಳು, ಮೆಣಸಿನಕಾಯಿ ಎರಡೂ ಒಂದೇ ಊರಿನ ನೆಂಟರು. ದನ ಮಾತ್ರ ಸ್ಪ್ಯಾನಿಷರು ಹಡಗಿನಲ್ಲಿ ತಂದದ್ದು. ಜೀರಿಗೆಯೂ ಅವರೊಡನೆ ಹೋದದ್ದು. ಹೊರಗಿನಿಂದ ಬಂದ ಮಾಂಸಕ್ಕೆ ಮೆಣಸಿನಕಾಯಿ ಸೇರಬಹುದು, ತವರಿನದೇ ಆದ ಕಾಳು ಮಾತ್ರ ಸೇರಬಾರದು ಎಂಬ ನಿಯಮ ವಿಚಿತ್ರವಾಗಿಯೇ ಕಾಣುತ್ತದೆ.

ಚೌಕದ ರಾಣಿಯರು

ಈ ಕಥೆ ನಡೆಯುವುದು ಸ್ಯಾನ್ ಆಂಟೋನಿಯೊ ಎಂಬ ಊರಿನಲ್ಲಿ. 1828ರಲ್ಲಿ, ಟೆಕ್ಸಾಸ್ ಇನ್ನೂ ಮೆಕ್ಸಿಕೋ ದೇಶದ ಭಾಗವಾಗಿದ್ದಾಗ, ಕ್ಲಾಪರ್ ಎಂಬ ಪ್ರವಾಸಿಯೊಬ್ಬ ಈ ಊರಿಗೆ ಬಂದ. ಇಲ್ಲಿಯ ಬಡ ಸಂಸಾರಗಳು ತಮಗೆ ಸಿಕ್ಕುವ ಅಷ್ಟಿಷ್ಟು ಮಾಂಸವನ್ನು ಸಣ್ಣದಾಗಿ ಕೊಚ್ಚಿ, ಹೆಚ್ಚುಕಡಿಮೆ ತುಂಡಿಗೊಂದರಂತೆ ಮೆಣಸಿನಕಾಯಿ ಹಾಕಿ ಬೇಯಿಸುತ್ತಾರೆಂದು ಆತ ಬರೆದಿಟ್ಟಿದ್ದಾನೆ. ಗಮನಿಸಿ: ಮಾಂಸ ಸಾಲದೆ ಹೋದಾಗ ಆ ಬಡವರು ಅಡುಗೆಯನ್ನು ಹಿಗ್ಗಿಸಿದ್ದು ಮೆಣಸಿನಕಾಯಿಯಿಂದ. ಇಂದು ಸಾಕಷ್ಟು ಮಾಂಸ ತುಂಬಿ ಮಾಡುವ ಈ ಅಡುಗೆ ಹುಟ್ಟಿದ್ದು ಮಾಂಸದ ಕೊರತೆಯಲ್ಲಿ.

19ನೇ ಶತಮಾನದ ಕೊನೆಯ ದಶಕಗಳಲ್ಲಿ ಆ ಊರಿನ ಚೌಕಗಳಲ್ಲಿ ಸಂಜೆಯಾದೊಡನೆ ಮೇಜುಗಳು ಏಳುತ್ತಿದ್ದವು. ಮೆಕ್ಸಿಕನ್ ಮೂಲದ ಹೆಂಗಸರು ಮನೆಯಲ್ಲಿ ಬೇಯಿಸಿ ತಂದ ಚಿಲಿಯ ಪಾತ್ರೆಗಳನ್ನು ಕೆಂಡದ ಮೇಲಿಟ್ಟು, ಲಾಂದ್ರದ ಬೆಳಕಿನಲ್ಲಿ ಬಡಿಸುತ್ತಿದ್ದರು. ಬೆಲೆ ಹತ್ತು ಸೆಂಟು. ಗಾಡಿ ಹೊಡೆಯುವವರು, ಸಿಪಾಯಿಗಳು, ದನಗಾಹಿಗಳು, ರೈಲಿನಲ್ಲಿ ಬಂದ ಪ್ರವಾಸಿಗಳು ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು. ಪತ್ರಿಕೆಗಳು ಈ ಹೆಂಗಸರನ್ನು 'ಚಿಲಿ ರಾಣಿಯರು' ಎಂದು ಕರೆದವು. ಕಾದಂಬರಿಕಾರ ಸ್ಟೀಫನ್ ಕ್ರೇನ್ 1895ರಲ್ಲಿ ಈ ಊರಿಗೆ ಬಂದು ಚೌಕದ ಊಟದ ಖಾರದ ಬಗ್ಗೆ ಬರೆದ. ಓ. ಹೆನ್ರಿಯ ಒಂದು ಕಥೆಯಲ್ಲಿಯೂ ಈ ರಾಣಿಯರು ಬರುತ್ತಾರೆ. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯ ಅಂಗಡಿಯೂ ಇತ್ತು. ನಮಗೆ ಆ ವರ್ಷ, ಆ ಊರು ನೆನಪಿರುವುದು ವಿವೇಕಾನಂದರ ಭಾಷಣದಿಂದ. ಅಮೆರಿಕದ ಅನೇಕರಿಗೆ ಚಿಲಿಯ ಪರಿಚಯವಾದದ್ದೂ ಅಲ್ಲಿಯೇ.

ರಾಣಿಯರೆಂಬುದು ಹೆಸರಿಗೆ ಮಾತ್ರ. ಚೌಕದ ನಡುವೆ ನಗರಸಭೆಯ ಕಟ್ಟಡ ಎದ್ದಾಗ ಅವರು ಬೇರೆ ಚೌಕಕ್ಕೆ ಹೋಗಬೇಕಾಯಿತು. ಮುಂದೆ ಅಲ್ಲಿಂದ ಇನ್ನೊಂದಕ್ಕೆ. ಕೊನೆಗೆ 1937ರಲ್ಲಿ ಊರಿನ ಆರೋಗ್ಯ ಇಲಾಖೆ ನೈರ್ಮಲ್ಯದ ನಿಯಮ ಮುಂದಿಟ್ಟು ಅವರ ಅಂಗಡಿಗಳನ್ನು ಎತ್ತಿಸಿತು. 1939ರಲ್ಲಿ ಮೇಯರ್ ಮೌರಿ ಮ್ಯಾವೆರಿಕ್ ಸೊಳ್ಳೆಪರದೆಯಂಥ ಜಾಲರಿಯ ಗುಡಾರಗಳಲ್ಲಿ ಅವರಿಗೆ ಮತ್ತೆ ಅವಕಾಶ ಕೊಟ್ಟರೂ ಅದು ಬಹಳ ದಿನ ನಡೆಯಲಿಲ್ಲ. ಪಾತ್ರೆ ತೊಳೆಯಲು ಒಳ್ಳೆಯ ನೀರು ಬೇಕೆಂಬುದು ನಿಜ. ನೀರಿನ ನಲ್ಲಿ ಹಾಕಿಸಿಕೊಡುವುದಕ್ಕಿಂತ ಅಂಗಡಿ ಎತ್ತಿಸುವುದು ಆಡಳಿತಕ್ಕೆ ಸುಲಭವೆಂಬುದೂ ನಿಜ. ನಮ್ಮ ಊರುಗಳ ಫುಟ್‌ಪಾತಿನಲ್ಲಿ ಇಡ್ಲಿ ಮಾರುವ ಹೆಂಗಸರನ್ನು ಕೇಳಿದರೆ ಇದನ್ನು ಇನ್ನೂ ಚೆನ್ನಾಗಿ ವಿವರಿಸಿಯಾರು.

ನಿಯಮ ಮಾಡಿದವರು ಯಾರು?

ಇತ್ತ ರಾಣಿಯರು ಮರೆಯಾಗುತ್ತಿದ್ದಂತೆ ಅತ್ತ ಚಿಲಿ ದೊಡ್ಡದಾಯಿತು. ವಿಲಿಯಂ ಗೆಭಾರ್ಟ್ ಎಂಬ ಜರ್ಮನ್ ವಲಸಿಗ ಟೆಕ್ಸಾಸಿನ ನ್ಯೂ ಬ್ರೌನ್‌ಫೆಲ್ಸ್ ಎಂಬಲ್ಲಿದ್ದ. ಮೆಕ್ಸಿಕೋದ ಮೆಣಸಿನಕಾಯಿ ವರ್ಷವಿಡೀ ಸಿಗುತ್ತಿರಲಿಲ್ಲವೆಂದು 1890ರ ದಶಕದಲ್ಲಿ ಅದನ್ನು ಒಣಗಿಸಿ, ಪುಡಿ ಮಾಡಿ, ಸೀಸೆಗಳಲ್ಲಿ ತುಂಬಿ ಮಾರಿದ. ಆಮೇಲೆ ಡಬ್ಬಿಯ ಚಿಲಿಯೂ ಬಂತು. ಅಮೆರಿಕದ ಉದ್ದಗಲಕ್ಕೂ ಚಿಲಿಯ ಸಣ್ಣ ಹೋಟೆಲುಗಳು ಎದ್ದವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಗ್ಗದ ಊಟವೆಂದು ಎಷ್ಟೋ ಜನರನ್ನು ಅದು ಸಾಕಿತು. ಕಾಳು ಹಾಕಿದ ಚಿಲಿ ಇನ್ನೂ ಅಗ್ಗ.

ಟೆಕ್ಸಾಸಿನವರಿಗೆ ತಮ್ಮದು ಕೈತಪ್ಪಿತು ಎನ್ನಿಸಿದ್ದು ಆಮೇಲೆ. 1967ರಲ್ಲಿ ಎಚ್. ಅಲೆನ್ ಸ್ಮಿತ್ ಎಂಬ ಹಾಸ್ಯ ಲೇಖಕ, ಚಿಲಿಯ ಬಗ್ಗೆ ತನ್ನಷ್ಟು ತಿಳಿದವರು ಯಾರೂ ಇಲ್ಲವೆಂದು ಪತ್ರಿಕೆಯೊಂದರಲ್ಲಿ ಬರೆದ. ಆತ ಟೆಕ್ಸಾಸಿನವನಲ್ಲ, ಆತನ ಚಿಲಿಯಲ್ಲಿ ಕಾಳೂ ಇತ್ತು. ಟೆಕ್ಸಾಸಿನ ಪತ್ರಕರ್ತ ವಿಕ್ ಫೌಲರ್ ಅವನಿಗೆ ಎದುರಾಳಿಯಾಗಿ ನಿಂತ. ಅದೇ ಅಕ್ಟೋಬರಿನಲ್ಲಿ ಟರ್ಲಿಂಗ್ವಾ ಎಂಬ, ಪಾದರಸದ ಗಣಿ ಮುಚ್ಚಿ ಹಾಳುಬಿದ್ದ ಊರಿನಲ್ಲಿ ಇಬ್ಬರ ನಡುವೆ ಪಂದ್ಯ ನಡೆಯಿತು. ತೀರ್ಪುಗಾರರು ಮೂವರು. ಒಬ್ಬರ ಮತ ಇವನಿಗೆ, ಇನ್ನೊಬ್ಬರದು ಅವನಿಗೆ. ಮೂರನೆಯವರು ತಮ್ಮ ನಾಲಗೆಯೇ ಸತ್ತುಹೋಯಿತೆಂದು ಕೈಚೆಲ್ಲಿದರು. ಪಂದ್ಯ ಸಮ! ಈಗಲೂ ಪ್ರತಿವರ್ಷ ನವೆಂಬರ್ ಆರಂಭದಲ್ಲಿ ಅಲ್ಲಿ ಚಿಲಿಯ ಸ್ಪರ್ಧೆ ನಡೆಯುತ್ತದೆ. ಕಾಳು, ಅನ್ನ, ಮೆಕರೋನಿ ಮೊದಲಾದ ತುಂಬುಸಾಮಗ್ರಿ ಹಾಕುವಂತಿಲ್ಲ ಎಂಬುದು ಸ್ಪರ್ಧೆಯ ಲಿಖಿತ ನಿಯಮ. 1977ರಲ್ಲಿ ಟೆಕ್ಸಾಸಿನ ಶಾಸನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ರಾಣಿಯರನ್ನು ಬೀದಿಯಿಂದ ಎಬ್ಬಿಸಿ ಆಗ ಸರಿಯಾಗಿ 40 ವರ್ಷವಾಗಿತ್ತು.

ಶುದ್ಧ ಚಿಲಿ ಯಾವುದೆಂದು ತೀರ್ಮಾನಿಸಿದ ಈ ಗಂಡಸರು ಯಾರೂ ಚೌಕದಲ್ಲಿ ಹೊಗೆ ಕುಡಿದು ಚಿಲಿ ಬೇಯಿಸಿದವರಲ್ಲ. ಚೌಕದ ಮೇಜಿನ ಮೇಲೆ ಕಾಳೂ ಇರುತ್ತಿತ್ತು. ಬೇಯಿಸಿದ ಕಾಳು, ಮುಸುಕಿನ ಜೋಳದ ತಮಾಲೆ, ಟೋರ್ಟಿಯಾ ಎಂಬ ರೊಟ್ಟಿ, ಎಲ್ಲವನ್ನೂ ಆ ಹೆಂಗಸರು ಮಾರುತ್ತಿದ್ದರು. ಕಾಳಿನ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ.

ಪಾತ್ರೆಯೊಳಗಿನ ಕಾರಣ

ಹಾಗಾದರೆ ಕಾಳಿಲ್ಲದ ಚಿಲಿ ಬರೀ ಜಂಬವೇ? ಅಲ್ಲ. ಒಲೆಯ ಮುಂದೆ ನಿಂತರೆ ನಿಯಮಕ್ಕೆ ಒಳ್ಳೆಯ ಕಾರಣ ಸಿಗುತ್ತದೆ. ಮೆಣಸಿನಕಾಯಿಯ ಕೆಂಪು ಬಣ್ಣವಾಗಲಿ, ಖಾರವಾಗಲಿ ಚೆನ್ನಾಗಿ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ನಿಧಾನವಾಗಿ ಬೇಯುವ ಮಾಂಸದ ಕೊಬ್ಬು ಎರಡನ್ನೂ ಹೀರಿಕೊಂಡು ಮೇಲೆ ತೇಲುತ್ತದೆ. ಮಾಂಸದ ನರ, ಪೊರೆಗಳು ಎರಡು ಮೂರು ಗಂಟೆಯಲ್ಲಿ ಕರಗಿ ರಸಕ್ಕೆ ಅಂಟು ಕೊಡುತ್ತವೆ. ಅದೇ ಪಾತ್ರೆಯಲ್ಲಿ ಕಾಳು ಬೆಂದರೆ ಅದರ ಹಿಟ್ಟು ರಸಕ್ಕೆ ಬಿಟ್ಟುಕೊಂಡು ಮಂದವಾಗುತ್ತದೆ. ಉಪ್ಪು, ಖಾರ ಕಾಳಿಗೆ ಹೋಗುತ್ತವೆ. ಅದೂ ಒಳ್ಳೆಯ ಊಟವೇ. ಆದರೆ ಮೆಣಸಿನಕಾಯಿಯ ರುಚಿ ನೋಡಬೇಕೆಂದವರಿಗೆ ಅದು ಬೇರೆ ಅಡುಗೆ.

ಮನೆಯಲ್ಲಿ ಮಾಡುವ ಬಗೆ

ಮಾಡುವ ಕ್ರಮ ಕಷ್ಟದ್ದಲ್ಲ. ಆರು ಜನಕ್ಕೆ ಒಂದು ಕಿಲೋ ಮಾಂಸ ಬೇಕು. ಭುಜದ ಭಾಗದ್ದು, ಸ್ವಲ್ಪ ಕೊಬ್ಬೂ ನರವೂ ಇರುವಂಥದ್ದು ಉತ್ತಮ. ಖೀಮಾ ಬೇಡ, ಎರಡು ಸೆಂಟಿಮೀಟರಿನ ತುಂಡುಗಳಿರಲಿ. ನಮ್ಮ ರಾಜ್ಯದ 2020ರ ಕಾಯ್ದೆ ಹಸು, ಎತ್ತು, ಕರುಗಳ ವಧೆಯನ್ನು ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆ ಮಾಂಸ ಬೇಯಲು ಇನ್ನಷ್ಟು ಹೊತ್ತು ಬೇಕು. ದನದ ಮಾಂಸ ತಿನ್ನದವರು ಕುರಿಯ ಮಾಂಸದಲ್ಲಿ ಇದೇ ಕ್ರಮ ಅನುಸರಿಸಬಹುದು.

ಅಲ್ಲಿ ಬಳಸುವುದು ಆಂಚೊ ಎಂಬ ಅಗಲವಾದ, ಕಪ್ಪುಗೆಂಪಿನ, ಕೊಂಚ ಸಿಹಿಯಿರುವ ಒಣಮೆಣಸಿನಕಾಯಿ. ನಮ್ಮಲ್ಲಿ ಅದಕ್ಕೆ ಹತ್ತಿರವೆಂದರೆ ಬ್ಯಾಡಗಿ. ಆಂಚೊದ ಸಿಹಿ ಅದರಲ್ಲಿಲ್ಲ, ಆದರೆ ಬಣ್ಣ ಹೆಚ್ಚು, ಖಾರ ಮಿತ. ಸುಮಾರು 30 ಬ್ಯಾಡಗಿ ಕಾಯಿಗಳ ತೊಟ್ಟು, ಬೀಜ ತೆಗೆದು, ಕಾದ ಬಾಣಲೆಯಲ್ಲಿ ಪರಿಮಳ ಏಳುವಷ್ಟು ಮಾತ್ರ ಹುರಿಯಿರಿ. ಕಪ್ಪಾದರೆ ಇಡೀ ಪಾತ್ರೆ ಕಹಿ. ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಹುರಿದ ಎರಡು ಟೀಚಮಚ ಜೀರಿಗೆ, ಏಳೆಂಟು ಎಸಳು ಬೆಳ್ಳುಳ್ಳಿಯ ಜತೆ ನುಣ್ಣಗೆ ರುಬ್ಬಿ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೆಂಪಗೆ ಹುರಿಯಿರಿ. ಒಂದೇ ಸಲ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮಾಂಸ ತೆಗೆದಿಟ್ಟು ಅದೇ ಜಿಡ್ಡಿನಲ್ಲಿ ಒಂದು ದೊಡ್ಡ ಈರುಳ್ಳಿ ಬಾಡಿಸಿ, ರುಬ್ಬಿದ ಖಾರ ಹಾಕಿ, ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಮಾಂಸ, ಉಪ್ಪು, ಮುಳುಗುವಷ್ಟು ನೀರು ಸೇರಿಸಿ. ಓರೆಗಾನೊ ಸಿಕ್ಕರೆ ಒಂದು ಚಿಟಿಕೆ. ಉರಿ ಸಣ್ಣಗೆ ಮಾಡಿ, ಪೂರ್ತಿ ಮುಚ್ಚದೆ, ಎರಡರಿಂದ ಮೂರು ಗಂಟೆ ಬೇಯಿಸಿ. ಕುಕ್ಕರ್ ಬಳಸಬಹುದು, ಕೊನೆಗೆ ಮುಚ್ಚಳ ತೆಗೆದು ರಸ ಇಂಗಿಸಬೇಕು. ಅಲ್ಲಿಯವರು ಕಡೆಯಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳದ ಹಿಟ್ಟನ್ನು ಕದಡಿ ಹಾಕುತ್ತಾರೆ. ಕೊಂಚ ಹುರಿದ ಮುಸುಕಿನ ಜೋಳದ ಹಿಟ್ಟು ಎರಡು ಚಮಚ ಸಾಕು. ಒಂದು ರಾತ್ರಿ ಬಿಟ್ಟು ಮಾರನೆ ದಿನ ಉಂಡರೆ ರುಚಿ ಹೆಚ್ಚು.

ಒಂದು ಎಚ್ಚರಿಕೆ. ಅಮೆರಿಕದ ಪುಸ್ತಕಗಳಲ್ಲಿ ಬರುವ 'ಚಿಲಿ ಪೌಡರ್' ನಮ್ಮ ಖಾರದ ಪುಡಿಯಲ್ಲ. ಅದರಲ್ಲಿ ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಬೆರೆತಿರುತ್ತವೆ, ಖಾರ ಕಡಿಮೆ. ಇನ್ನು ಟೊಮೆಟೊ. ಅದನ್ನೂ ಹಾಕಬಾರದೆನ್ನುವ ಕಟ್ಟಾಳುಗಳಿದ್ದಾರೆ. ಆದರೆ ಟೆಕ್ಸಾಸಿನವರೇ ಆದ ಅಧ್ಯಕ್ಷ ಲಿಂಡನ್ ಜಾನ್ಸನ್‌ರ ಮನೆಯ ಚಿಲಿಯಲ್ಲಿ ಕಾಳಿರಲಿಲ್ಲ, ಟೊಮೆಟೊ ಇತ್ತು. ಆ ಅಡುಗೆಯ ಕ್ರಮ ಕೇಳಿ ಬರುತ್ತಿದ್ದ ಪತ್ರಗಳು ಎಷ್ಟೆಂದರೆ ಅವರ ಪತ್ನಿ ಅದನ್ನು ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಕಳಿಸಬೇಕಾಯಿತು. 1955ರಲ್ಲಿ ಜಾನ್ಸನ್‌ರಿಗೆ ಹೃದಯಾಘಾತವಾದ ಮೇಲೆ ಆ ಚಿಲಿಯಿಂದ ಕೊಬ್ಬು ಮಾಯವಾಯಿತು. ಶುದ್ಧತೆಯ ನಿಯಮ ವೈದ್ಯರ ಮುಂದೆ ನಡೆಯಲಿಲ್ಲ.

ಮಿತ್ರರೆ, ಅಡುಗೆಗೆ ನಿಯಮ ಇರಬೇಕು. ಇಲ್ಲದಿದ್ದರೆ ಎಲ್ಲ ಸಾರೂ ಒಂದೇ ಸಾರಾಗುತ್ತದೆ. ಆದ್ದರಿಂದ ಮೊದಲ ಸಲ ಮಾಡುವಾಗ ಕಾಳು ಹಾಕಬೇಡಿ, ಮೆಣಸಿನಕಾಯಿ ಏನು ಮಾಡಬಲ್ಲದೆಂದು ನೋಡಿ. ಆದರೆ ಕಾಳು ಹಾಕಿದವರ ಅಡುಗೆಯನ್ನು ಹೀಗಳೆಯುವ ಮುನ್ನ ಒಂದು ಮಾತು ನೆನಪಿರಲಿ. ನಿಯಮಕ್ಕೆ ವಾರಸುದಾರರು ಬಹಳ, ಹೊಗೆ ಕುಡಿದವರ ಹೆಸರು ಉಳಿದದ್ದು ಕಡಿಮೆ. ಸ್ಯಾನ್ ಆಂಟೋನಿಯೊದ ಆ ಹೆಂಗಸರು ಮಾಡುತ್ತಿದ್ದಂತೆ ನೀವೂ ಮಾಡಿ: ಚಿಲಿ ಒಂದು ಪಾತ್ರೆಯಲ್ಲಿ, ಕಾಳು ಇನ್ನೊಂದು ಪಾತ್ರೆಯಲ್ಲಿ. ಬೇಕಾದವರು ಬಡಿಸಿಕೊಳ್ಳಲಿ. ಅಷ್ಟಕ್ಕೂ ಉಣ್ಣುವ ಬಾಯಿ ಹತ್ತಿದ್ದರೆ ಆ ಎರಡನೆಯ ಪಾತ್ರೆ ಬೇಕೇ ಬೇಕಾಗುತ್ತದೆ.