ದಾರಿ ಹೇಳುವ ಯಂತ್ರ

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂದು ಹೆಸರು. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ. ‘ಬಟ್ಟೆಗೆಡು’ ಎಂದರೆ ದಾರಿ ತಪ್ಪು ಎಂದು ಬಿಡಿಸಿ ಹೇಳಿದರೆ ಇನ್ನಷ್ಟು ನಗುತ್ತಾರೆ. ಹೋದ ವರ್ಷದ ಶ್ರಾವಣದಲ್ಲಿ ಅವರ ಗುರುಗಳೇ ಬಟ್ಟೆಗೆಟ್ಟರೆಂಬುದು ಅವರಿಗೆ ತಿಳಿಯದು. ನಿಮ್ಮ ಮುಂದೆ ಹೇಳಲು ಅಡ್ಡಿಯಿಲ್ಲ.

ಭಾಲ್ಕಿಯಲ್ಲಿ ಬೀಗರ ಮನೆಯ ಕಾರ್ಯ ಮುಗಿಸಿಕೊಂಡು ಮುಸ್ಸಂಜೆಗೆ ಔರಾದಕ್ಕೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವರು ಅಳಿಯಂದಿರು. ಹಿಂದೆ ನನ್ನ ಮನೆಯವರು, ಏಳು ತಿಂಗಳ ಬಸುರಿ ಮಗಳು. ಅಳಿಯಂದಿರಿಗೆ ಈ ಸೀಮೆ ಹೊಸದು. ಆದ್ದರಿಂದ ಫೋನಿನಲ್ಲಿ ಊರ ಹೆಸರನ್ನು ಒತ್ತಿ, ಅದು ಹೇಳಿದಂತೆ ನಡೆಯುತ್ತಿದ್ದರು. ಮಾಂಜ್ರಾ ನದಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಅದರೊಳಗಿನ ಹೆಣ್ಣುದನಿ ಎಡಕ್ಕೆ ತಿರುಗಲು ಹೇಳಿತು. ಹನ್ನೆರಡು ನಿಮಿಷ ಉಳಿಯುತ್ತದೆಯಂತೆ.

ಆ ದಾರಿಯನ್ನು ನಾನು ಬಲ್ಲೆ. 2001ರ ಜನಗಣತಿಯ ಕೆಲಸಕ್ಕೆಂದು ಸೈಕಲ್ ತುಳಿದುಕೊಂಡು ಅಲ್ಲಿ ತಿರುಗಿದ್ದೆ. ಅದು ಫೆಬ್ರುವರಿ ತಿಂಗಳು. ಎರೆಮಣ್ಣು ಒಣಗಿ ಕಲ್ಲಿನಂತಿತ್ತು. ಮಳೆ ಬಿದ್ದರೆ ಅದೇ ಮಣ್ಣು ಗಾಲಿಯನ್ನು ಹಿಡಿದು ಕೂಡಿಸುತ್ತದೆಂಬುದನ್ನು ನಮ್ಮ ಜಿಲ್ಲೆಯ ಕೂಸಿಗೂ ಹೇಳಿಕೊಡಬೇಕಿಲ್ಲ. ಆದರೂ ನಾನು ಸುಮ್ಮನಿದ್ದೆ. ಆಕಾಶದಿಂದ ನೋಡುವ ಯಂತ್ರದ ಎದುರಿಗೆ ಮೇಷ್ಟ್ರ ಇಪ್ಪತ್ತು ವರ್ಷದ ಹಿಂದಿನ ಸೈಕಲ್ ಸವಾರಿಯ ಮಾತೇಕೆ ಎಂಬ ಸಂಕೋಚ. ಆ ಸಂಕೋಚವನ್ನು ನೆನೆದರೆ ಇಂದಿಗೂ ಮೈ ಬೆವರುತ್ತದೆ.

ಎರಡು ಮೈಲಿಯೊಳಗೆ ಡಾಂಬರು ಮುಗಿಯಿತು. ಕತ್ತಲೆ, ತುಂತುರು ಮಳೆ. ದೂರದಲ್ಲಿ ಒಂದು ಬ್ಯಾಟರಿಯ ಬೆಳಕು ಅತ್ತಿಂದಿತ್ತ ಆಡತೊಡಗಿತು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದ ರೈತನೊಬ್ಬ ಓಡಿಬಂದು ಕಾರಿನ ಮೂತಿಯ ಮೇಲೆ ಕೈಯಿಟ್ಟ. “ಎಲ್ಲಿ ಹೊಂಟೀರಿ? ಮುಂದ ಹಳ್ಳ ಬಂದದ್ರೀ, ಗಾಡಿ ಹಿಂದಕ್ಕ ಹೊಡೀರಿ” ಎಂದ. ಕಿಟಕಿ ಇಳಿಸಿದಾಗ ನೀರಿನ ಸದ್ದು ನಮಗೂ ಕೇಳಿಸಿತು. ಫೋನು ಮಾತ್ರ “ನೇರವಾಗಿ ಸಾಗಿ” ಎನ್ನುತ್ತಲೇ ಇತ್ತು. ಮಗಳು ಹಿಂದಿನಿಂದ ನನ್ನ ಹೆಗಲು ಹಿಡಿದುಕೊಂಡವಳು ಔರಾದ ಮುಟ್ಟುವ ತನಕ ಬಿಡಲಿಲ್ಲ.

ಆಮೇಲೆ ನಾನು ಈ ಯಂತ್ರದ ವಿದ್ಯೆಯನ್ನು ತಕ್ಕಮಟ್ಟಿಗೆ ಓದಿಕೊಂಡೆ. ಅಮೆರಿಕದವರ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದ್ದು, ಅದು ‘ಈಗ ಇಷ್ಟು ಹೊತ್ತು’ ಎಂದು ಸಾರುತ್ತಲೇ ಇರುತ್ತದೆ. ಆ ಸಾರಿಕೆ ಬಂದು ಮುಟ್ಟಲು ಹಿಡಿದ ಕಾಲದಿಂದ ನಮ್ಮ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುತ್ತದೆ. ನಾಲ್ಕು ಉಪಗ್ರಹಗಳ ದನಿ ಕೇಳಿದರೆ ನಾವು ನಿಂತ ಜಾಗ ಸಿಕ್ಕಿತು. 2000ನೆಯ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರಕಾರ ಜನಸಾಮಾನ್ಯರಿಗೆ ಬೇಕೆಂದೇ ಮಸುಕಾದ ಲೆಕ್ಕ ಕೊಡುತ್ತಿತ್ತು. ಈಗ ಬಯಲಿನಲ್ಲಿ ಕೆಲವೇ ಮೀಟರುಗಳೊಳಗೆ ಜಾಗ ತಿಳಿಯುತ್ತದೆ. ನಮ್ಮ ದೇಶವೂ 2013ರಿಂದ ಇಂಥ ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ಎಂದು ಹೆಸರಿಟ್ಟಿದೆ. ನಮ್ಮ ಹಾಸನದಲ್ಲಿಯೇ ಅವುಗಳ ನಿಯಂತ್ರಣ ಕೇಂದ್ರವಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಉಪಗ್ರಹವು ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನಷ್ಟೆ. ಮುಂದೆ ರಸ್ತೆಯಿದೆಯೋ ಹಳ್ಳವಿದೆಯೋ ಅದು ಅರಿಯದು. ಆ ಮಾತು ಹೇಳುವುದು ನಕ್ಷೆ, ಮತ್ತು ಆ ನಕ್ಷೆಯ ಮೇಲೆ ಬೇಗನೆ ಮುಟ್ಟುವ ಗೆರೆಯನ್ನು ಹುಡುಕುವ ಲೆಕ್ಕ. ನಕ್ಷೆಯನ್ನು ಮಾಡಿದವರು ನಮ್ಮಂಥ ಮನುಷ್ಯರು. ನಮ್ಮ ಬೀದರಿನ ಚೌಬಾರದ ಮೇಲೆ ಹತ್ತಿ ನಿಂತ ಕಾವಲಿನವನಿಗೆ ನಾಲ್ಕು ದಿಕ್ಕಿನ ಬೀದಿಗಳು ಕಾಣುತ್ತವೆ. ಬೀದಿಯ ಕೆಸರು ಎಷ್ಟು ಆಳವೆಂಬುದು ಕೆಳಗೆ ನಡೆಯುವವನಿಗೇ ಗೊತ್ತು.

2024ರ ಜೂನಿನಲ್ಲಿ ಕಾಸರಗೋಡು ಜಿಲ್ಲೆಯ ಕುತ್ತಿಕೋಲಿನ ಬಳಿ ಇಬ್ಬರು ತರುಣರು ಬೆಳಗಿನ ಜಾವ ಫೋನಿನ ನಕ್ಷೆಯನ್ನು ನಂಬಿ ತುಂಬಿದ ಹೊಳೆಗೆ ಕಾರಿಳಿಸಿದರು. ಮರವೊಂದನ್ನು ತಬ್ಬಿ ನಿಂತ ಅವರನ್ನು ಅಗ್ನಿಶಾಮಕದವರು ಬದುಕಿಸಿದರು. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಕಡೆ ಮೂವರಿಗೆ ಆ ಭಾಗ್ಯವಿರಲಿಲ್ಲ. ರಾಮಗಂಗಾ ನದಿಯ ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಹಿಂದೆಯೇ ಕೊಚ್ಚಿಹೋಗಿತ್ತು, ನಕ್ಷೆಯಲ್ಲಿ ಅದು ತಿದ್ದಿರಲಿಲ್ಲ. ಕಾರು ತುದಿಯಿಂದ ಕೆಳಕ್ಕೆ ಬಿತ್ತು. ಅಲ್ಲಿ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಮೇಲೂ ಮೊಕದ್ದಮೆ ಹೂಡಿದರು. ಅದು ಸರಿಯೆಂದು ನನಗೆ ತೋರುತ್ತದೆ. ಮುರಿದ ಸೇತುವೆಗೆ ಭದ್ರವಾದ ಅಡ್ಡಗಟ್ಟೆಯೊಂದಿದ್ದರೆ ಯಂತ್ರದ ತಪ್ಪು ಅಲ್ಲಿಗೇ ನಿಲ್ಲುತ್ತಿತ್ತು. ಕೊಡಗಿನ ಜನ ಜಾಣರು: ವಿಹಾರಗೃಹವೊಂದಕ್ಕೆ ಹೋಗುವ ಪ್ರವಾಸಿಗರು ಪದೇ ಪದೇ ತಪ್ಪಿ ಬರುವುದನ್ನು ಕಂಡು, ‘ಗೂಗಲ್ ಹೇಳಿದ್ದು ತಪ್ಪು, ಈ ದಾರಿ ಅಲ್ಲಿಗೆ ಹೋಗುವುದಿಲ್ಲ’ ಎಂದು ಹಲಗೆಯನ್ನೇ ನೆಟ್ಟರು.

ಹಾಗೆಂದು ಯಂತ್ರವನ್ನು ಹಳಿಯಲಾರೆ. ಕಂಡರಿಯದ ಪಟ್ಟಣದ ಗಲ್ಲಿಗಳಲ್ಲಿ ನಡುರಾತ್ರಿ ಆಸ್ಪತ್ರೆಯನ್ನು ಹುಡುಕುವವನಿಗೆ ಅದು ದೇವರ ಸಮಾನ. ದನಿಯಲ್ಲಿ ಹೇಳುವುದರಿಂದ ಕೇಳುತ್ತ ನಡೆಸಬಹುದು. ನೋಡುತ್ತ ನಡೆಸುವುದೇ ಕೇಡು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಮೂರು ಸೆಕೆಂಡು ಫೋನಿನ ಕಡೆ ಕಣ್ಣು ಹೊರಳಿದರೆ ಕಾರು 50 ಮೀಟರು ಕುರುಡಾಗಿ ಓಡಿರುತ್ತದೆ. ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದಂತೆ, ಫೋನನ್ನು ಬಳಸಬಹುದೆಂದು 2020ರ ಅಕ್ಟೋಬರಿನಿಂದ ಮೋಟಾರು ವಾಹನ ನಿಯಮವೇ ಹೇಳುತ್ತದೆ.

ಊರ ಹೆಸರು ಒತ್ತುವಾಗಲೂ ಒಂದಿಷ್ಟು ತಾಳ್ಮೆ ಬೇಕು. ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜಾನಿ ಎಂಬ ಇನ್ನೊಂದು ಊರಿದೆ. ‘ಔರಾದ’ ಎಂದಷ್ಟೇ ಕೇಳಿದರೆ ಮನುಷ್ಯನಾದವನು “ಯಾವ ಔರಾದ್ರೀ?” ಎಂದು ಮರುಪ್ರಶ್ನೆ ಹಾಕುತ್ತಾನೆ. ಯಂತ್ರ ಎರಡು ಹೆಸರುಗಳನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಅವಸರದ ಬೆರಳು ಯಾವುದನ್ನಾದರೂ ಒತ್ತಬಹುದು.

ಈ ವರ್ಷ ಮೃಗಶಿರಾ ಮಳೆ ಬಿದ್ದ ಮೇಲೆ ಅಳಿಯಂದಿರು ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಬಂದರು. ಅದೇ ಭಾಲ್ಕಿ, ಅದೇ ಔರಾದ. ಎಡಕ್ಕೆ ತಿರುಗುವ ಜಾಗ ಬಂತು, ದನಿಯೂ ಬಂತು. ಅಳಿಯಂದಿರು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ನನ್ನ ಮುಖ ನೋಡಿದರು. “ನನಗೂ ಈಗಿನ ಸ್ಥಿತಿ ಗೊತ್ತಿಲ್ಲ, ಕೇಳೋಣ” ಎಂದು ನಾನು ಇಳಿದೆ. ಅಂಗಡಿಯವನು ಪ್ರಶ್ನೆ ಕೇಳಿದೊಡನೆ ಜೇಬಿನಿಂದ ಫೋನು ತೆಗೆದ. ಇವನೂ ನಕ್ಷೆಯನ್ನೇ ನೋಡುತ್ತಾನೋ ಎಂದು ನನಗೆ ನಗು ಬಂತು. ಅವನು ಹಳ್ಳದ ದಂಡೆಯ ಊರಿನಲ್ಲಿದ್ದ ತನ್ನ ಭಾವನಿಗೆ ಕರೆ ಮಾಡಿ, ನೀರೆಷ್ಟಿದೆಯೆಂದು ವಿಚಾರಿಸಿ, “ಇವತ್ತು ಬ್ಯಾಡ್ರೀ, ದೊಡ್ಡ ದಾರೀಲೇ ಹೋಗ್ರಿ” ಎಂದ.