ಮರದ ಉಂಗುರದಲ್ಲಿ ಮಳೆಯ ಲೆಕ್ಕ



ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟವಿಳಿದು ಪೂರ್ವದ ಬಯಲಿಗೆ ಹೋದರೆ ಅದು ಸಾವಿರದೊಳಗೆ ಬರುತ್ತದೆ. ಇಂತಹ ವೈಪರೀತ್ಯದ ಸೀಮೆಯಲ್ಲಿ ‘ಈಚೆಗೆ ಮಳೆ ಮೊದಲಿನಂತಿಲ್ಲ’ ಎಂಬ ಮಾತು ಪ್ರತಿ ಅಡಿಕೆ ತೋಟದಲ್ಲಿಯೂ ಕೇಳಿಬರುತ್ತದೆ. ಮೊದಲು ಎಂದರೆ ಎಷ್ಟು ಮೊದಲು? ಹಿರಿಯರ ನೆನಪು ಅರವತ್ತು, ಎಪ್ಪತ್ತು ವರ್ಷ ಹಿಂದಕ್ಕೆ ಹೋದೀತು. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಅದರ ಬೆನ್ನಿಗೇ ಬಂದ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ, ಎಂದರೆ 1876–78ರ ಬರ, ಮೈಸೂರು ಸೀಮೆಯ ಜನರ ಬಾಯಲ್ಲಿ ಉಳಿಯಿತು. ಅದಕ್ಕೂ ಹಿಂದಿನ ಶತಮಾನಗಳಲ್ಲಿ ಮುಂಗಾರು ಎಷ್ಟು ಸಲ ಕೈಕೊಟ್ಟಿತೆಂದು ಹೇಳಬಲ್ಲ ಶಾನುಭೋಗರಲ್ಲಿ ಮರವೂ ಒಂದು.

ಆದರೆ ಎಲ್ಲ ಮರಗಳೂ ಲೆಕ್ಕ ಇಡುವುದಿಲ್ಲ. ಅಡಿಕೆ, ತೆಂಗು, ಬಿದಿರುಗಳಲ್ಲಿ ವಾರ್ಷಿಕ ಉಂಗುರವೇ ಇಲ್ಲ. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳಲ್ಲಿ ಉಂಗುರ ಕಂಡರೂ ಅದು ವರ್ಷದ್ದೆಂದು ನಂಬಲಾಗದು. ಸಾಗುವಾನಿ ಮಾತ್ರ ಬೇಸಿಗೆಯಲ್ಲಿ ಎಲೆ ಉದುರಿಸಿ, ಮಳೆಗಾಲದಲ್ಲಿ ಬೆಳೆದು, ಪ್ರತಿ ವರ್ಷದ ಆರಂಭವನ್ನು ದೊಡ್ಡ ರಂಧ್ರಗಳ ಸಾಲಿನಿಂದ ಗುರುತು ಮಾಡುತ್ತದೆ. ಕೇರಳದ ಸಾಗುವಾನಿ ಮರಗಳಿಂದ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಬೋರ್ಗಾಂವ್ಕರ್ ಮತ್ತು ಸಂಗಡಿಗರು 1481ರಿಂದ 2003ರವರೆಗಿನ 523 ವರ್ಷಗಳ ಉಂಗುರ ಸರಣಿಯೊಂದನ್ನು ಕಟ್ಟಿ 2010ರಲ್ಲಿ ಪ್ರಕಟಿಸಿದರು. ಮುಂಗಾರು ಸೋತ ಎಲ್ ನಿನೊ ವರ್ಷಗಳಲ್ಲಿ ಉಂಗುರಗಳು ಕಿರಿದಾಗಿದ್ದುದು ಅದರಲ್ಲಿ ಕಂಡುಬಂದಿತು.

ಅಗಲವನ್ನೊಂದೇ ನಂಬಿದರೆ ಮೋಸ ಹೋಗುವುದೂ ಉಂಟು. ನೆರೆಯ ಮರದ ನೆರಳು, ಎಲೆ ತಿನ್ನುವ ಹುಳು, ಕಾಡ್ಗಿಚ್ಚು, ಇವೆಲ್ಲ ಉಂಗುರವನ್ನು ಕಿರಿದುಗೊಳಿಸುತ್ತವೆ. ಸೊಪ್ಪಿನ ಬೆಟ್ಟದ ಮರವಾದರೆ ಕತ್ತಿಯ ಏಟೇ ಸಾಕು. ಒಳ್ಳೆಯ ಮಳೆಯ ವರ್ಷದಲ್ಲಿಯೂ ಸೊಪ್ಪು ಕಡಿಸಿಕೊಂಡ ಮರ ಬರಗಾಲದ ಉಂಗುರವನ್ನೇ ತೋರಿಸೀತು. ಇಲ್ಲಿ ನೆರವಿಗೆ ಬರುವುದು ಸ್ಥಿರ ಸಮಸ್ಥಾನಿಗಳು, ಎಂದರೆ ವಿಕಿರಣ ಸೂಸದೆ, ಕಾಲಾಂತರದಲ್ಲಿಯೂ ಬದಲಾಗದೆ ಉಳಿಯುವ ಐಸೊಟೋಪುಗಳು. ಆಮ್ಲಜನಕದ ಸಾವಿರ ಪರಮಾಣುಗಳಲ್ಲಿ ಸುಮಾರು ಎರಡು 18 ತೂಕದವು. ಉಳಿದವು ಬಹುತೇಕ 16ರವು. ಆವಿಯಾಗುವಾಗ ಹಗುರ ನೀರು ಮೊದಲು ಏಳುತ್ತದೆ, ಮಳೆಯಾಗುವಾಗ ಭಾರದ ನೀರು ಮೊದಲು ಬೀಳುತ್ತದೆ. ಆದುದರಿಂದ ಮಳೆ ಬಿಡದೆ ಸುರಿದಾಗ ಮೋಡದಲ್ಲಿ ಉಳಿಯುವ ತೇವ ಹಗುರವಾಗುತ್ತ ಹೋಗುತ್ತದೆ. ಉಷ್ಣವಲಯದಲ್ಲಿ ಜೋರು ಮಳೆಯ ತಿಂಗಳ ನೀರು ಹಗುರವಾಗಿರುವುದನ್ನು ಡೆನ್ಮಾರ್ಕಿನ ವಿಲಿ ಡಾನ್ಸ್‌ಗಾರ್ಡ್ 1964ರಲ್ಲಿಯೇ ವಿವರಿಸಿದ್ದರು.

ಬೇರು ಆ ನೀರನ್ನು ಇದ್ದಂತೆಯೇ ಹೀರುತ್ತದೆ. ಎಲೆಯಲ್ಲಿ ಮಾತ್ರ ಹಗುರ ನೀರು ಹೆಚ್ಚು ಆವಿಯಾಗಿ ಭಾರದ್ದು ಉಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಇದು ಹೆಚ್ಚು. ಎಲೆಯ ಸಕ್ಕರೆ ಕಾಂಡಕ್ಕಿಳಿದು ಸೆಲ್ಯುಲೋಸ್ ಆಗುವಾಗ ಈ ಎರಡು ಗುರುತುಗಳೂ ಅದರಲ್ಲಿ ಕೂಡಿರುತ್ತವೆ. ಮಳೆ ಕಡಿಮೆಯಾಗಿ ಗಾಳಿಯೂ ಒಣಗಿದ ವರ್ಷದಲ್ಲಿ ಎರಡೂ ಒಂದೇ ದಿಕ್ಕಿಗೆ ವಾಲುತ್ತವೆ, ಸಾಕ್ಷ್ಯ ಗಟ್ಟಿಯಾಗುತ್ತದೆ. ಇಂಗಾಲದ್ದು ಬೇರೆಯೇ ಕಥೆ. ಎಲೆಯ ಪತ್ರರಂಧ್ರ ತೆರೆದಿದ್ದಾಗ ಸಸ್ಯ 12 ತೂಕದ ಇಂಗಾಲವನ್ನೇ ಆಯ್ದುಕೊಳ್ಳುತ್ತದೆ. ಬರದಲ್ಲಿ ರಂಧ್ರ ಮುಚ್ಚಿದಾಗ ಆಯ್ಕೆಗೆ ಅವಕಾಶ ಕಡಿಮೆಯಾಗಿ 13ರ ಪಾಲು ಏರುತ್ತದೆ. ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟ ಹೊಗೆಯಲ್ಲಿ 13ರ ಪಾಲು ಕಡಿಮೆ. ಅದು ಗಾಳಿಗೆ ಸೇರಿದಂತೆಲ್ಲ ಮರಗಳ ಈಚಿನ ಉಂಗುರಗಳಲ್ಲಿ 13ರ ಪಾಲು ಇಳಿಯುತ್ತ ಬಂದಿದೆ. ಆ ಇಳಿಕೆಯನ್ನು ಲೆಕ್ಕದಿಂದ ತೆಗೆದ ಮೇಲೆಯೇ ಬರದ ಮಾತು.

ಭಾರತದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು ಮುಖ್ಯರು. ಆರ್. ರಮೇಶ್, ಎಸ್. ಕೆ. ಭಟ್ಟಾಚಾರ್ಯ, ಕೆ. ಗೋಪಾಲನ್ ಅವರು 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಾಶ್ಮೀರ ಕಣಿವೆಯ ಮರಗಳ ಸಮಸ್ಥಾನಿಗಳ ಏರಿಳಿತ ಪರಸ್ಪರ ಹೊಂದುವುದನ್ನು ತೋರಿಸಿದರು. ಒಂದು ಮರದ ಮಾತನ್ನು ಇನ್ನೊಂದು ಅನುಮೋದಿಸದಿದ್ದರೆ ಅದು ಹವಾಮಾನದ ದಾಖಲೆಯಾಗದು. ರಮೇಶ್ ಅವರಿದ್ದ ತಂಡವೇ ಉತ್ತರ ಕನ್ನಡದ ಅಕಲಗಾವಿ ಗುಹೆಯ ಸುಣ್ಣದ ಕಂಬವೊಂದರಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಓದಿ 2004ರಲ್ಲಿ ಪ್ರಕಟಿಸಿತು. ಮರ ಹೇಳಿದ್ದನ್ನು ಕಲ್ಲಿನೊಡನೆ ತಾಳೆ ನೋಡುವ ಅವಕಾಶ ಘಟ್ಟದಲ್ಲಿಯೇ ಇದೆ.

ಹಾಗೆಂದು ಯಂತ್ರ ಕೊಟ್ಟ ಅಂಕಿಯೇ ಮಳೆಯಲ್ಲ. ಮೋಡ ಯಾವ ಸಮುದ್ರದಿಂದ ಬಂದಿತು, ದಾರಿಯಲ್ಲಿ ಎಷ್ಟು ಸುರಿದು ಬಂದಿತು ಎಂಬುದೂ ನೀರಿನ ತೂಕವನ್ನು ಬದಲಿಸುತ್ತದೆ. ಹಿಂಗಾರಿನ ನೀರು ಸಾಮಾನ್ಯವಾಗಿ ಮುಂಗಾರಿಗಿಂತ ಹಗುರ. ಒಂದೇ ಉಂಗುರವನ್ನು ತೆಳುವಾಗಿ ಹಲವು ಚೂರು ಮಾಡಿ ಅಳೆದರೆ ಮಾತ್ರ ಇವೆರಡನ್ನೂ ಬೇರ್ಪಡಿಸುವ ದಾರಿ ತೆರೆಯುತ್ತದೆ. ಉಂಗುರ ಕಾಣದ ಮರಗಳಲ್ಲಿಯೂ ಹೀಗೆ ಸಾಲಾಗಿ ಅಳೆದು ಆಮ್ಲಜನಕದ ಏರಿಳಿತದಿಂದಲೇ ವರ್ಷಗಳನ್ನು ಎಣಿಸುವ ಪ್ರಯತ್ನಗಳು ಬೇರೆ ದೇಶಗಳಲ್ಲಿ ನಡೆದಿವೆ. ಪಶ್ಚಿಮ ಘಟ್ಟದ ಮಳೆಕಾಡಿಗೆ ಇದಕ್ಕಿಂತ ಹೊಂದುವ ವಿಧಾನ ಇನ್ನೊಂದಿರಲಾರದು.

ಇದಕ್ಕೆಲ್ಲ ಹಳೆಯ ಮರ ಬೇಕು, ಅದೇ ಈಗ ಅಪರೂಪ. ನಿಂತ ಮರದಿಂದ ಪೆನ್ಸಿಲಿಗಿಂತ ತೆಳುವಾದ ಕಡ್ಡಿಯಷ್ಟು ಮಾದರಿಯನ್ನು ತೆಗೆದರೆ ಸಾಕು, ಕಡಿಯಬೇಕಾಗಿಲ್ಲ. ರಸ್ತೆ ಅಗಲೀಕರಣಕ್ಕೋ ವಿದ್ಯುತ್ ಮಾರ್ಗಕ್ಕೋ ಹಳೆಯ ಸಾಗುವಾನಿ ಉರುಳಿತೆಂದರೆ, ಅದು ದಿಮ್ಮಿಯಾಗಿ ಸಾಗುವ ಮೊದಲು ಬುಡದಿಂದ ನಾಲ್ಕು ಬೆರಳು ದಪ್ಪದ ಬಿಲ್ಲೆಯೊಂದನ್ನು ಕೊಯ್ಯಿಸಿಡುವುದು ಊರವರಿಂದಲೇ ಆಗುವ ಕೆಲಸ. ಸ್ಥಳ, ಕಡಿದ ದಿನ, ನೆಲದಿಂದ ಎಷ್ಟು ಎತ್ತರದ ತುಂಡು ಎಂಬುದನ್ನು ಅದರ ಮೇಲೆ ಸೀಸದ ಕಡ್ಡಿಯಲ್ಲಿ ಬರೆದಿರಬೇಕು. ಬಣ್ಣ, ವಾರ್ನಿಷು ಕೂಡದು. ತೊಗಟೆಯನ್ನು ಸುಲಿಯಬಾರದು, ಕೊನೆಯ ಉಂಗುರ ಯಾವ ವರ್ಷದ್ದೆಂದು ತಿಳಿಯುವುದು ತೊಗಟೆ ಅಂಟಿಕೊಂಡಿದ್ದರೆ ಮಾತ್ರ, ಎಣಿಕೆ ಆರಂಭವಾಗುವುದೂ ಅಲ್ಲಿಂದಲೇ.