ಹಡಗು ತಾನಾಗಿ ಮಾತಾಡಲ್ಲ

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್, ಇವತ್ತಿನ ವಿಷಯ ಮಾತ್ರ ಹಡಗು. ನೌಕಾಪಡೆಯ ಇತಿಹಾಸ ಹೇಳೋ ಮ್ಯೂಸಿಯಂನಲ್ಲಿ ಏನನ್ನ ಎಲ್ಲಿಡಬೇಕು, ಪಕ್ಕದ ಫಲಕದಲ್ಲಿ ಏನು ಬರೀಬೇಕು ಅನ್ನೋದರ ಬಗ್ಗೆ ಮಾತಾಡೋಣ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಪಕ್ಕಾ ಯೂಸರ್ ಇಂಟರ್‌ಫೇಸ್ ಸಮಸ್ಯೆ.

ಮೊದಲು ವಿಶಾಖಪಟ್ಟಣಕ್ಕೆ ಹೋಗೋಣ. ಹೈದರಾಬಾದಿನಲ್ಲಿರೋರಿಗೆ ಒಂದು ರಾತ್ರಿಯ ರೈಲು. ಅಲ್ಲಿ ಆರ್‌ಕೆ ಬೀಚ್‌ನಲ್ಲಿ ಐಎನ್‌ಎಸ್ ಕುರ್ಸುರಾ ಅನ್ನೋ ಜಲಾಂತರ್ಗಾಮಿ ಇದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರಲ್ಲಿ ಸೇವೆಗೆ ಸೇರಿತು, 1971ರ ಯುದ್ಧ ಕಂಡಿತು, 2001ರಲ್ಲಿ ನಿವೃತ್ತಿ ಆಯ್ತು. 2002ರಿಂದ ಮ್ಯೂಸಿಯಂ. ಉದ್ದ ಸುಮಾರು 91 ಮೀಟರ್, ಒಳಗೆ ಇರ್ತಿದ್ದೋರು 75 ಜನ.

ಒಳಗೆ ಇರೋದು ಒಂದೇ ಇಕ್ಕಟ್ಟಾದ ದಾರಿ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗೋಕೆ ದುಂಡನೆ ಬಾಗಿಲು, ತಲೆ ಬಗ್ಗಿಸಿ ಕಾಲೆತ್ತಿ ದಾಟಬೇಕು. ಇಂಥ ಕಡೆ 200 ಪದದ ಫಲಕ ಹಾಕಿದ್ರೆ ಏನಾಗುತ್ತೆ? ಮುಂದಿನವರು ಓದ್ತಾ ನಿಂತ್ರು ಅಂದ್ರೆ ಹಿಂದಿನ ಸಾಲು ಪೂರ್ತಿ ನಿಲ್ಲುತ್ತೆ. ಸಿಂಗಲ್ ಥ್ರೆಡ್ ಸ್ವಾಮಿ, ಒಬ್ಬ ಬ್ಲಾಕ್ ಆದ್ರೆ ಎಲ್ರೂ ಬ್ಲಾಕ್. ಹಾಗಾಗಿ ಹಿನ್ನೆಲೆ ಎಲ್ಲ ಹತ್ತೋಕೆ ಮುಂಚೆ, ಹೊರಗಡೆ ಹೇಳಿ ಮುಗಿಸಬೇಕು. ಒಳಗೆ ಒಂದೊಂದು ಜಾಗಕ್ಕೆ ಒಂದೊಂದು ಸಾಲು ಸಾಕು. ಗಾಲಿಕುರ್ಚಿಯವರು, ಮಂಡಿನೋವಿನ ಅಜ್ಜಿ ಆ ಬಾಗಿಲು ದಾಟೋಕಾಗಲ್ಲ. ಅವರಿಗೆ ಹೊರಗಡೆ ಒಂದು ಮಾದರಿ, ಒಂದು ವಿಡಿಯೋ ಇರಲೇಬೇಕು.

ಸರಿ, ಆ ಒಂದು ಸಾಲಲ್ಲಿ ಏನು ಬರೀಬೇಕು? ಟಾರ್ಪಿಡೊ ವ್ಯಾಸ 533 ಮಿಲಿಮೀಟರ್ ಅಂತ ಬರೆಯೋದು ಸುಲಭ. ಆದ್ರೆ ನೋಡೋಕೆ ಬಂದ ಹುಡುಗಿಯ ತಲೇಲಿ ಓಡ್ತಿರೋದು ಬೇರೆ. ಇಲ್ಲಿ ಯಾರು ಮಲಗ್ತಿದ್ರು? ಸ್ನಾನ ಹೇಗೆ? ಮನೇಲಿ ಮಗು ಹುಟ್ಟಿದ್ರೆ ಸುದ್ದಿ ಹೇಗೆ ಬರ್ತಿತ್ತು? ಕುರ್ಸುರಾದಲ್ಲಿ ಇಂಥ ಪ್ರಶ್ನೆಗಳನ್ನ ನೇರವಾಗಿ ಕೇಳಬಹುದು, ಯಾಕಂದ್ರೆ ಅಲ್ಲಿ ಗೈಡ್‌ಗಳಾಗಿರೋರು ನೌಕಾಪಡೆಯ ನಿವೃತ್ತ ಸಿಬ್ಬಂದಿ. ನನ್ನ ಪ್ರಕಾರ ಅಲ್ಲಿನ ದೊಡ್ಡ ಪ್ರದರ್ಶನ ಅವರೇ.

ಎರಡನೇ ಮಾತು, ಇಸವಿ. ನಮ್ಮ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ, ಕ್ಷಿಪಣಿ ದೋಣಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ ಬಗೆಯ ದೋಣಿಗಳು: ನಿಪಾತ್, ನಿರ್ಘಾತ್, ವೀರ್. ಅದರ ನೆನಪಿಗೇ ನೌಕಾಪಡೆ ದಿನ. ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ, ಅಂದ್ರೆ ಯುದ್ಧ ಮುಗಿದ ಐದು ವರ್ಷಕ್ಕೆ. "ಇದು ಕರಾಚಿಗೆ ಹೋಗಿ ಬಂದ ಹಡಗು" ಅಂದುಬಿಟ್ರೆ ಕೇಳೋಕೆ ರೋಮಾಂಚನ, ಆದ್ರೆ ಸುಳ್ಳು. "ಇದರ ಅಣ್ಣಂದಿರು ಹೋಗಿದ್ರು" ಅಂತ ಹೇಳಿ, ಮಕ್ಕಳು ಅಷ್ಟೇ ಆಸೆಯಿಂದ ಕೇಳ್ತಾರೆ. ಯುದ್ಧವಿಲ್ಲದ ವರ್ಷಗಳಲ್ಲಿ ಕಾವಲು ಕಾದದ್ದೂ ಸೇವೆನೇ ಅಲ್ವಾ?

ಮೂರನೇದು, ಸೋಲು. ಕರಾಚಿ ದಾಳಿಯಾಗಿ ಐದೇ ದಿನಕ್ಕೆ, ಡಿಸೆಂಬರ್ 9ರಂದು, ದಿಯು ಹತ್ತಿರ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕರಾಚಿಗೆ ಒಂದು ಗೋಡೆ ಪೂರ್ತಿ ಕೊಟ್ಟು ಖುಕ್ರಿಯನ್ನ ಮೂಲೆಗೆ ತಳ್ಳಿದ್ರೆ, ನೋಡೋರಿಗೆ ಆ ಗೆಲುವಿನ ಬೆಲೆನೂ ತಿಳಿಯಲ್ಲ. ಎರಡೂ ಅಕ್ಕಪಕ್ಕ ಇರಬೇಕು.

ಕೊನೇದು ಮುಂಬೈಯವರಿಗೆ ಗೊತ್ತಿರೋ ಕಥೆ. ಐಎನ್‌ಎಸ್ ವಿಕ್ರಾಂತ್. 1961ರಲ್ಲಿ ಸೇವೆಗೆ ಬಂತು, 1997ರಲ್ಲಿ ನಿವೃತ್ತಿ, ಆಮೇಲೆ ಮ್ಯೂಸಿಯಂ. ಸುರಕ್ಷಿತ ಅಲ್ಲ ಅಂತ 2012ರಲ್ಲಿ ಮುಚ್ಚಿದ್ರು, 2014ರಲ್ಲಿ ಗುಜರಿಗೆ ಹೋಯ್ತು. ಅದರ ಲೋಹ ಬಜಾಜ್ ಬೈಕಿಗೂ ಸೇರಿತು. ಅಷ್ಟು ದೊಡ್ಡ ಹಡಗಿಗೇ ಈ ಗತಿ. ಉಪ್ಪುಗಾಳಿ ಉಕ್ಕನ್ನ ಬಿಡಲ್ಲ, ವಯಸ್ಸು ಮನುಷ್ಯರನ್ನ ಬಿಡಲ್ಲ. ಹಡಗನ್ನ ಉಳಿಸೋಕೆ ಕೋಟಿಗಟ್ಟಲೆ ದುಡ್ಡು ಬೇಕು. ಅದರಲ್ಲಿ ದುಡಿದವರ ಮಾತು ಉಳಿಸೋಕೆ ನಿಮ್ಮ ಜೇಬಲ್ಲಿರೋ ಫೋನ್ ಸಾಕು.

ಅದಕ್ಕೇ ಒಂದು ಕೋರಿಕೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ, ಕನ್ನಡ ಸಂಘದಲ್ಲೋ, ಊರಲ್ಲೋ ನೌಕಾಪಡೆಯಿಂದ ನಿವೃತ್ತರಾದವರು ಇದ್ರೆ, ಒಪ್ಪಿಗೆ ಕೇಳಿ ಅರ್ಧ ಗಂಟೆ ರೆಕಾರ್ಡ್ ಮಾಡಿ. ಕಾರ್ಯಾಚರಣೆಯ ಗುಟ್ಟು ಕೇಳಬೇಡಿ. ಅಡುಗೆಮನೆ, ಎಂಜಿನ್ ರೂಮ್, ಮೊದಲ ದಿನದ ವಾಂತಿ, ರಜೆ ಸಿಗದ ಹಬ್ಬ, ಇವನ್ನ ಕೇಳಿ. ಫೈಲ್ ಹೆಸರಲ್ಲಿ ಹಡಗು, ಹುದ್ದೆ, ಇಸವಿ ಇರಲಿ. ಮೆಟಾಡೇಟಾ ಇಲ್ಲದ ಫೈಲ್ ಮುಂದೆ ಹೇಗೆ ಕಳೆದುಹೋಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತು ಅಂಥವರು ಯಾರಾದ್ರೂ ನೆನಪಾದ್ರೆ, ಈ ವಾರಾಂತ್ಯವೇ ಫೋನ್ ಮಾಡಿ.